ಶಾಸಕನ ಫೋಟೊಗೆ ಗಂಧದ ಹಾರ

ಖುಷಿ ಹೆಚ್ಚಾದರೆ ನನ್ನ ಕೈ ಸುಮ್ಮನಿರುವುದಿಲ್ಲ. ಪ್ರತಿ ಮನೆಯಲ್ಲೂ ಇಂಥವರೊಬ್ಬರು ಇರುತ್ತಾರೆ. ಸಿಂಗಪುರದ ನಮ್ಮ ಸೆಂಗ್‌ಕಾಂಗ್ ಫ್ಲ್ಯಾಟಿನಲ್ಲಿ ಅದು ನಾನೇ.

ನಮ್ಮಣ್ಣ ಅಮೆರಿಕದ ಒಂದು ರಾಜ್ಯದಲ್ಲಿ ಶಾಸಕ. ಹಾಗೆಂದ ಕೂಡಲೇ ಇಲ್ಲಿನ ಕನ್ನಡದವರು ಗನ್‌ಮ್ಯಾನ್ ಎಷ್ಟು ಜನ ಎಂದು ಕೇಳುತ್ತಾರೆ. ಪಾಪ, ಅವನು ವರ್ಷದಲ್ಲಿ ಕೆಲವು ತಿಂಗಳು ಕಾನೂನು ಮಾಡಿ, ಉಳಿದ ತಿಂಗಳು ಔಷಧಿ ಅಂಗಡಿಯಲ್ಲಿ ಮಾತ್ರೆ ಕೊಡುತ್ತಾನೆ. ಎರಡು ವರ್ಷಕ್ಕೊಮ್ಮೆ ಬೂಟು ಸವೆಸಿಕೊಂಡು ಮನೆಮನೆ ಬಾಗಿಲು ತಟ್ಟುತ್ತಾನೆ. ಈ ಸಲವೂ ಗೆದ್ದರೆ ಮುಂದೆ ಮೇಲ್ಮನೆಗೆ ನಿಲ್ಲುವ ಆಸೆ. ಇಲ್ಲಿಗೆ ಬಂದಾಗ ನಮ್ಮವರೆಲ್ಲ ಸೇರಿ ಪೇಟ ತೊಡಿಸಿ, ಶಾಲು ಹೊದಿಸಿ, ಗಂಧದ ಹಾರ ಹಾಕಿ ಸನ್ಮಾನ ಮಾಡಿದರು. ಸೂಟ್‌ಕೇಸಿನಲ್ಲಿ ಜಾಗವಿಲ್ಲವೆಂದು ಹಾರವನ್ನು ನಮ್ಮಲ್ಲೇ ಬಿಟ್ಟುಹೋದ. ನಾನು ಅದನ್ನು ಹಾಲ್‌ನಲ್ಲಿದ್ದ ಅವನ ಚುನಾವಣಾ ಫೋಟೊಗೆ ಹಾಕಿದೆ.

ಅಂದಿನಿಂದ ಮನೆಗೆ ಬಂದವರೆಲ್ಲ ದನಿ ತಗ್ಗಿಸಿ ಮಾತಾಡತೊಡಗಿದರು. ನನ್ನ ಮೇಲಿನ ಗೌರವವೆಂದುಕೊಂಡೆ. ಕೊನೆಗೊಂದು ದಿನ ಕೆಳಗಿನ ಮನೆಯ ಪದ್ಮಾ ಆಂಟಿ ಫೋಟೊ ಮುಂದೆ ಕೈಮುಗಿದು, ಕಾಫಿ ಬೇಡವೆಂದು, "ಇನ್ನೂ ಚಿಕ್ಕ ವಯಸ್ಸು. ಹೇಗಾಯ್ತಮ್ಮ?" ಎಂದರು. ಬದುಕಿದ್ದಾನೆ ಎಂದೆ. ಅವರು ಕಣ್ಣೊರೆಸಿಕೊಂಡು ನನ್ನ ತಲೆ ಸವರಿದರು.

ಅವರು ಹೋದ ಮೇಲೆ ಫೋಟೊ ಕಡೆ ತಿರುಗಿದೆ. ಮತದಾರ ಎಲ್ಲಿ ನಿಂತರೂ ತನ್ನನ್ನೇ ನೋಡಿದಂತಿರಲೆಂದು ತೆಗೆಸಿದ ಫೋಟೊ ಅದು. ಅಡುಗೆಮನೆಗೆ ಹೋದರೂ ಅಣ್ಣ ನನ್ನನ್ನೇ ನೋಡುತ್ತಿದ್ದ, ನಗುತ್ತಲೇ. ಹಾರ ತೆಗೆಯೋಣವೆಂದರೆ ಇನ್ನೊಂದು ಭಯ: ತೆಗೆದರೆ, ಅದನ್ನು ಹಾಕಿದ್ದು ಆಂಟಿ ಅಂದುಕೊಂಡ ಕಾರಣಕ್ಕೇ ಎಂದು ನಾನೇ ಒಪ್ಪಿಕೊಂಡಂತಾಗುವುದಿಲ್ಲವೇ? ಹೀಗೆ ಯೋಚಿಸುತ್ತಲೇ ಚುನಾವಣೆ ಬಂತು. ಅಲ್ಲಿ ಮತ ಎಣಿಕೆ, ಇಲ್ಲಿ ಬೆಳಗಿನ ತಿಂಡಿಯ ಹೊತ್ತು. ಅವನ ಫೋನ್ ಸ್ವಿಚ್ ಆಫ್. ಅತ್ತಿಗೆಯದೂ. ಸ್ಟೂಲ್ ಹತ್ತಿ ಹಾರ ತೆಗೆದು ಬೀರುವಿನೊಳಗೆ ತುರುಕಿದೆ. ಗಂಧದ ವಾಸನೆ ಕಡಿಮೆಯಾಗುವ ಬದಲು ಹಾಲ್ ತುಂಬ ಹರಡಿತು. ಕಿಟಕಿಗಳನ್ನೆಲ್ಲ ತೆರೆದರೂ ಹೋಗಲಿಲ್ಲ.

ಮಧ್ಯಾಹ್ನ ಅವನೇ ಫೋನ್ ಮಾಡಿದ. "ಸೋತೆ ಕಣೇ," ಎಂದ.

"ಅಷ್ಟೇನಾ? ಸದ್ಯ," ಎಂದು ಸಂತೋಷಕ್ಕೆ ಅತ್ತೇಬಿಟ್ಟೆ.

ನನ್ನ ಅಳು ನಿಂತ ಮೇಲೆ ಹೇಳಿದ: "ಈ ಸಲ ಏನೋ ವಿಚಿತ್ರ. ಬಾಗಿಲು ತೆಗೆದವರೆಲ್ಲ ನನ್ನ ಮುಖ ನೋಡಿ ದನಿ ತಗ್ಗಿಸೋರು. ಒಬ್ಬಾಕೆ ಕೈ ಹಿಡ್ಕೊಂಡು ಸಾರಿ ಅಂದ್ಲು. ಯಾಕೆ ಅಂತ ಗೊತ್ತಾಗ್ಲಿಲ್ಲ."

ಹಾರದ ವಿಷಯ ನಾನು ಹೇಳಲಿಲ್ಲ. ಸೋಲಿಗೆ ಕಾರಣ ಹುಡುಕಲು ಅವನ ಪಕ್ಷದವರು ಸಮಿತಿ ಮಾಡಿದ್ದಾರಂತೆ. ಸೆಂಗ್‌ಕಾಂಗ್‌ವರೆಗೆ ಇನ್ನೂ ಬಂದಿಲ್ಲ.