ಜಾಹೀರಾತು ದಾಟಿಸದ ಚಿಕ್ಕಪ್ಪ

ಮೊಬೈಲಿನಲ್ಲಿ ವಿಡಿಯೋ ನೋಡುವಾಗ ನಡುವೆ ಬರುವ ಜಾಹೀರಾತನ್ನು ಕೊನೆಯವರೆಗೂ ನೋಡುವವರು ಇಡೀ ಭೂಮಂಡಲದಲ್ಲಿ ಒಬ್ಬರೇ ಇದ್ದಾರೆ. ಅವರು ಅರಸೀಕೆರೆಯ ನಮ್ಮ ಚಿಕ್ಕಪ್ಪ! ಧೈರ್ಯವಾಗಿ ಹೇಳುತ್ತೇನೆ. ಜಾಹೀರಾತು ಕಳಿಸುವುದೇ ನನ್ನ ಹೊಟ್ಟೆಪಾಡು ನೋಡಿ.

ಚಿಕ್ಕಪ್ಪ ಕೊಬ್ಬರಿ ವ್ಯಾಪಾರಿ. ಮಂಡಿಗೆ ಮಾಲು ತಂದವನ ಮಾತು ಮುಗಿಯುವ ಮೊದಲು ಬೆನ್ನು ತಿರುಗಿಸಬಾರದೆಂಬುದು ಅವರ ಕಟ್ಟುನಿಟ್ಟು. ಅದೇ ನಿಯಮ ಮೊಬೈಲಿಗೂ! "ಐದು ಸೆಕೆಂಡ್ ಆದ್ಮೇಲೆ ಸ್ಕಿಪ್ ಒತ್ತಿ ಚಿಕ್ಕಪ್ಪ" ಎಂದರೆ, "ಮನೆ ಬಾಗ್ಲಿಗೆ ಬಂದೋನ್ನ ಅರ್ಧ ಮಾತಲ್ಲಿ ಅಟ್ತಾರೇನೇ?" ಎಂದು ನನ್ನನ್ನೇ ಗದರಿಸುತ್ತಾರೆ.

ಒಮ್ಮೆ ಬಾಯಿ ತಪ್ಪಿ ನಮ್ಮ ಕಸುಬಿನ ಕಟ್ಟಳೆ ಹೇಳಿಬಿಟ್ಟೆ. ಜಾಹೀರಾತಿನ ಜೊತೆ ಫೋನಿಗೊಂದು ಅಪ್ಪಣೆಯೂ ಹೋಗುತ್ತದೆ: ಕಾಲು ಭಾಗ, ಅರ್ಧ, ಮುಕ್ಕಾಲು, ಪೂರ್ತಿ ಆದಾಗಲೆಲ್ಲ ಕಳಿಸಿದವರಿಗೆ ವರದಿ ಒಪ್ಪಿಸಬೇಕು. ಯಾವ ಕಂಪನಿಯ ಫೋನಾದರೂ ಇದೇ ಪದ್ಧತಿ.

"ಹಂಗಾರೆ ನಾನು ನೋಡಿದ್ದು ಅವ್ರಿಗೆ ಗೊತ್ತಾಯ್ತದಾ?"

"ಹೂಂ."

ಅಷ್ಟೇ! ಬನಿಯನ್ನಿನಲ್ಲಿ ಕೂತು ಜಾಹೀರಾತು ನೋಡುವುದು ಅಂದಿನಿಂದಲೇ ಬಂದ್. ಅಂಗಿ ತೊಟ್ಟು, ಗುಂಡಿ ಹಾಕಿಯೇ ನೋಡುವುದು. ಮುಕ್ಕಾಲಿನಲ್ಲಿ ನೆಟ್‌ವರ್ಕ್ ಕೈಕೊಟ್ಟರೆ ತಾರಸಿ ಹತ್ತಿಯಾದರೂ ಮುಗಿಸುತ್ತಾರೆ. ಬೇಲೂರಿನ ಬಸ್ಸಿನಲ್ಲಿ, ತನ್ನ ಫೋನಿನಲ್ಲಿ ಸ್ಕಿಪ್ ಒತ್ತಹೊರಟ ಪಕ್ಕದವನ ಬೆರಳನ್ನೇ ಹಿಡಿದು, "ತಡ್ಕಳ್ರೀ, ಪಾಪ, ಇನ್ನೂ ಮಾತಾಡ್ತಾವ್ರೆ" ಎಂದರಂತೆ. ಬೇಲೂರಿಗೆ ಟಿಕೆಟ್ ತೆಗೆದಿದ್ದ ಆತ ಹಳೇಬೀಡಿನಲ್ಲೇ ಇಳಿದುಬಿಟ್ಟನಂತೆ!

ಈಚೆಗೆ ಚಿಕ್ಕಮ್ಮ ಗಾಣದ ಕೊಬ್ಬರಿ ಎಣ್ಣೆ ಮಾರಲು ಶುರುಮಾಡಿದರು. ಅವರೇ ಮಾತಾಡಿದ ಅರ್ಧ ನಿಮಿಷದ ಜಾಹೀರಾತನ್ನು ನಾನೇ ಮಾಡಿ ಬಿಟ್ಟೆ. "ಒಬ್ರಾದ್ರೂ ಕೊನೇವರ್ಗೂ ಕೇಳ್ತಾರೇನೇ?" ಎಂಬುದೊಂದೇ ಅವರ ಆತಂಕ. ಎಲ್ಲಿ ಕೇಳುತ್ತಾರೆ? ಕಾಲು ಭಾಗ ಮುಗಿಯುವುದರೊಳಗೆ ಎಲ್ಲರೂ ಪರಾರಿ! ಚಿಕ್ಕಮ್ಮನ ಮುಖ ಸಪ್ಪಗಾಯಿತು. "ನನ್ ಮಾತು ಯಾರಿಗ್ ಬೇಕೈತೆ, ತೆಗೆದ್ಬಿಡು" ಎಂದರು.

ಮರುದಿನ ಹೋದರೆ, ಚಿಕ್ಕಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅದೇ ಜಾಹೀರಾತನ್ನು ಮತ್ತೆ ಮತ್ತೆ ನೋಡುತ್ತಿದ್ದಾರೆ!

"ಒಂದೇ ಫೋನಲ್ಲಿ ಎಷ್ಟು ಸಲ ನೋಡಿದ್ರೂ ಲೆಕ್ಕಕ್ಕೆ ತಗೊಳಲ್ಲ ಚಿಕ್ಕಪ್ಪ, ಮೋಸ ಅಂತಾರೆ" ಎಂದು ನಕ್ಕೆ. ಅವರು ನಗಲಿಲ್ಲ.

"ಲೆಕ್ಕಕ್ಕಲ್ಲ ಕಣೇ. ಇಷ್ಟು ವರ್ಷ ಅವ್ಳು ಬಾಯಿ ತೆಗೆದ್ರೆ ‘ಗೊತ್ತಾಯ್ತು ಬಿಡು’ ಅಂತ ಎದ್ದು ಹೋಗ್ತಿದ್ದೆ. ಇಷ್ಟು ಚೆನ್ನಾಗಿ ಮಾತಾಡ್ತಾಳೆ ಅಂತ ನಂಗೆ ಗೊತ್ತೇ ಇರ್ಲಿಲ್ಲ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಹಂಗಲ್ರೀ, ಆ ಎಣ್ಣೆ ವಿಷ್ಯ..." ಎಂದು ಏನೋ ಹೇಳಹೊರಟು, ಅಭ್ಯಾಸಬಲದಿಂದ ಅಲ್ಲಿಗೇ ನಿಲ್ಲಿಸಿದರು.

ಚಿಕ್ಕಪ್ಪ ಫೋನು ಕೆಳಗಿಟ್ಟು, ಪಕ್ಕಕ್ಕೆ ಸರಿದು ಜಾಗ ಮಾಡಿದರು.

"ಹೇಳು" ಎಂದರು.