ಒಂಬತ್ತು ಪಾಟಾಗಳ ಕಾರು

ಹಳೆಯ ಕಾರು ಇಟ್ಟುಕೊಂಡವನಿಗೆ ಸುಳ್ಳು ಹೇಳುವುದು ತಾನಾಗಿಯೇ ರೂಢಿಯಾಗುತ್ತದೆ. ಗಾಡಿ ನಡುದಾರಿಯಲ್ಲಿ ನಿಂತುಬಿಟ್ಟರೆ, ತೊಗರಿ ಹೇಗೆ ಬಂದಿದೆ ನೋಡೋಣವೆಂದು ಇಳಿದೆ ಎನ್ನುತ್ತೇವೆ. ಇಳಿಜಾರು ಹುಡುಕಿ ನಿಲ್ಲಿಸಿದರೆ, ಅದು ನೆರಳಿಗಾಗಿ ಎನ್ನುತ್ತೇವೆ. ನಾನು ಬಸವಕಲ್ಯಾಣ, ಹುಮನಾಬಾದಿನ ಕೋರ್ಟುಗಳಲ್ಲಿ ಇಪ್ಪತ್ತು ವರ್ಷ ಕರಿ ಕೋಟು ಹಾಕಿದ ವಕೀಲ. ಈ ವಿದ್ಯೆ ನಿನಗೇನು ಹೊಸದೇ ಎಂದು ನೀವು ನಗಬಹುದು. ಆದರೆ ಅಲ್ಲಿ ಹೇಳಿದ್ದೆಲ್ಲ ಕಕ್ಷಿದಾರರ ಪರವಾಗಿ. ನನ್ನ ಸ್ವಂತಕ್ಕೆಂದು ಹೇಳಿದ ದೊಡ್ಡ ಸುಳ್ಳು ಒಂದೇ, ಅದೂ ಕಮ್ಮಾರಿಕೆಯ ಒಬ್ಬ ಮಿಸ್ತ್ರಿಯ ಮುಂದೆ. ಅದರ ಫಲವನ್ನು ನನ್ನ ಹೆಂಡತಿ ಸುಭದ್ರೆಯ ಬೆನ್ನು ಉಂಡಿತು.

ಆ ಕಾರು ಸಿಕ್ಕಿದ್ದು ಮೋರಖಂಡಿಯಲ್ಲಿ, ಒಬ್ಬ ದೇಶಮುಖರ ಮೇವಿನ ಕೊಟ್ಟಿಗೆಯೊಳಗೆ. ನಿಜಾಮರ ಕಾಲದಲ್ಲಿ ಹಡಗು ಹತ್ತಿ ಬಂದ ಗಾಡಿ. ಎಪ್ಪತ್ತರ ದಶಕದ ಮೊದಲಲ್ಲಿ ನಾನು ನೋಡಲು ಹೋದಾಗ ಅದರ ಹಿಂದಿನ ಸೀಟಿನಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು. ಮರಿ ಹೊರಬರುವ ತನಕ ಗಾಡಿ ಕೊಡಲಾಗದು ಎಂದು ಮನೆಯವರು ಹೇಳಿದ್ದರಿಂದ ನಾನು ಎರಡು ವಾರ ಕಾದೆ. ಹೊಸ ಹುರುಪಿನಲ್ಲಿ ಆ ಕೋಳಿಯ ಯೋಗಕ್ಷೇಮ ವಿಚಾರಿಸಲು ಎರಡು ಸಲ ಮೋರಖಂಡಿಗೆ ಹೋಗಿಬಂದದ್ದೂ ಉಂಟು. ಕಾರು ಯಾಕೆ ಎಂದು ಕೇಳಿದವರಿಗೆಲ್ಲ 'ಹುಮನಾಬಾದಿನ ಕೇಸುಗಳಿಗೆ' ಎಂದೆ. ಖರೇ ಕಾರಣ ಬೇರೆ ಇತ್ತು. ಸುಭದ್ರೆಯ ತವರು ಕೊಡಂಬಲ. ಅಲ್ಲಿಗೆ ಹೋಗಬೇಕಾದರೆ ಅವಳು ಹುಮನಾಬಾದಿನಲ್ಲೊಮ್ಮೆ, ಚಿಟಗುಪ್ಪದಲ್ಲೊಮ್ಮೆ ಬಸ್ಸು ಬದಲಿಸಬೇಕು. ಅವಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಮಾವನವರ ಅಂಗಳದಲ್ಲಿ ಗಾಡಿ ನಿಲ್ಲಿಸಬೇಕೆಂಬುದು ನನ್ನ ಆಸೆ. ಆದರೆ ಹೆಂಡತಿಯ ಸಲುವಾಗಿ ಎಂದು ಬಾಯಿಬಿಟ್ಟು ಹೇಳುವ ರೂಢಿ ಆಗ ನಮ್ಮ ಕಡೆಯ ಗಂಡಸರಿಗೆ ಇರಲಿಲ್ಲ. ಸುಭದ್ರೆಗೂ ನಾನು ಹೇಳಲಿಲ್ಲ.

ಮೊದಲ ಪ್ರಯಾಣದಲ್ಲೇ ಆಸೆಗೆ ಪೆಟ್ಟು ಬಿತ್ತು. ಗಾಡಿಯ ಹಿಂಭಾಗದ ಕೆಳಗೆ, ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ಬಿಗಿದಿರುತ್ತಾರಲ್ಲ, ಅವಕ್ಕೆ ನಮ್ಮಲ್ಲಿ ಪಾಟಾ ಎನ್ನುತ್ತಾರೆ. ಗಾಡಿಯ ಭಾರ ಹೊರುವುದೂ ರಸ್ತೆಯ ಪೆಟ್ಟು ತಿನ್ನುವುದೂ ಅವೇ. ನಮ್ಮ ಗಾಡಿಯ ಪಾಟಾಗಳು ಮೂವತ್ತು ವರ್ಷ ಪೆಟ್ಟು ತಿಂದು ಹೊಟ್ಟೆ ತುಂಬಿ ಚಪ್ಪಟೆಯಾಗಿ ಮಲಗಿದ್ದವು. ತಗ್ಗು ಬಂದಾಗಲೆಲ್ಲ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತಿತ್ತು. ಚಿಟಗುಪ್ಪ ಮುಟ್ಟುವ ಹೊತ್ತಿಗೆ ಸುಭದ್ರೆ ಒಂದು ಕೈಯಿಂದ ಸೊಂಟ, ಇನ್ನೊಂದು ಕೈಯಿಂದ ಬಾಗಿಲು ಹಿಡಿದಿದ್ದಳು. ಕೊಡಂಬಲದಲ್ಲಿ ಇಳಿದವಳು ಸಿಟ್ಟಿಲ್ಲದೆ, "ವಾಪಸ್ ಬರೂಮುಂದ ನಾ ಬಸ್ಸಿಗೇ ಬರ್ತೀನ್ರಿ" ಎಂದಳು. ಹಾಗೆಯೇ ಮಾಡಿದಳು. ಆ ಮೇಲೆ ಆರು ತಿಂಗಳು ಅವಳು ಬಸ್ಸಿನಲ್ಲಿ, ನಾನು ಕಾರಿನಲ್ಲಿ. ಒಮ್ಮೆಯಂತೂ ಅವಳ ಬಸ್ಸು ನನ್ನನ್ನು ರಾಜೇಶ್ವರದ ಹತ್ತಿರ ಹಿಂದೆ ಹಾಕಿತು. ಕಿಟಕಿಯಲ್ಲಿ ಅವಳು ಯಾರೋ ಹೆಂಗಸಿನೊಂದಿಗೆ ನಗುತ್ತಿದ್ದದ್ದು ಕಾಣಿಸಿತು. ನನಗೆ ನಿಜಕ್ಕೂ ದುಃಖವಾಯಿತು.

ಪಾಟಾ ಸುಧಾರಿಸದೆ ಗತಿಯಿಲ್ಲ ಎಂದು ನಿಶ್ಚಯಿಸಿದೆ. ಆ ಗಾಡಿಯ ಹೊಸ ಪಾಟಾ ಹೈದರಾಬಾದಿನಲ್ಲೂ ಇಲ್ಲ, ಸೊಲ್ಲಾಪುರದಲ್ಲೂ ಇಲ್ಲ. ಹುಮನಾಬಾದಿನ ಹೆದ್ದಾರಿಯ ಬದಿಯಲ್ಲಿ ಖಾಸಿಂ ಮಿಸ್ತ್ರಿ ಲಾರಿಗಳ ಪಾಟಾ ಕಾಯಿಸಿ ಬಾಗಿಸುತ್ತಾರೆ ಎಂದು ತಿಳಿಯಿತು. ಹೋದೆ. ಕುಲುಮೆಯ ಸುತ್ತ ನಾಲ್ಕು ಜನ ಲಾರಿ ಡ್ರೈವರುಗಳು ಚಹಾ ಕುಡಿಯುತ್ತ ಕೂತಿದ್ದರು. ಮಿಸ್ತ್ರಿ ಗಾಡಿಯ ಕೆಳಗೆ ಬಗ್ಗಿ ನೋಡಿ, ಎದ್ದು ಗಡ್ಡ ಸವರಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ಲೋಡ್ ಏನ್ ಹಾಕ್ತೀರಿ ವಕೀಲ್ ಸಾಬ್?"

ಹಾಕುವ ಲೋಡು ಸುಭದ್ರೆ, ಅವಳ ಒಂದು ಕೈಚೀಲ, ಅಷ್ಟೇ. ಅದನ್ನು ಹೇಳಲು ಬಾಯಿ ತೆರೆದೆ. ನಾಲ್ಕು ಜನ ಡ್ರೈವರುಗಳು ಬಸಿಯಿಂದ ತುಟಿ ತೆಗೆದು ನನ್ನನ್ನೇ ನೋಡುತ್ತಿದ್ದರು.

"ಹತ್ತು ಹನ್ನೆರಡು ಮಂದಿ ಕೂಡ್ತಾರ. ಮ್ಯಾಲ ಜೋಳದ ಚೀಲ" ಎಂದುಬಿಟ್ಟೆ.

ಮಿಸ್ತ್ರಿಯ ಮುಖದಲ್ಲಿ ಗೌರವ ಕಾಣಿಸಿತು. "ಹಾಂಗಾದ್ರ ಫಿಕರ್ ಬಿಡ್ರಿ. ಈಗ ಆರು ಪಾಟಾ ಅವ. ಇವನ್ನ ಬಾಗಿಸಿ, ಮ್ಯಾಲ ಮೂರು ಕೂಡಸ್ತೀನಿ. ಆನೆ ಕುಂತ್ರೂ ಬಗ್ಗಂಗಿಲ್ಲ." ಬಗ್ಗದಿರುವುದೇ ಸುಖವೆಂದು ತಿಳಿದಿದ್ದ ನಾನು ಖುಷಿಯಿಂದ ತಲೆಯಾಡಿಸಿದೆ.

ಪಾಟಾಗಳನ್ನು ಬಿಚ್ಚಿ ಜೋಡಿಸುವ ಕೆಲಸ ನಮ್ಮ ಮನೆಯ ಅಂಗಳದಲ್ಲೇ ನಡೆಯಲಿ ಎಂದು ನಾನೇ ಹಟ ಹಿಡಿದೆ. ಊರವರು ನೋಡಲಿ ಎಂಬುದು ಒಳಗಿನ ಮಾತು. ಗಾಡಿಯ ಹಿಂಭಾಗವನ್ನು ಜ್ಯಾಕಿನಿಂದ ಎತ್ತಿ ಶಹಾಬಾದ್ ಕಲ್ಲುಗಳ ಮೇಲೆ ಕೂಡಿಸಿದೆವು. ಬಿಚ್ಚಿದ ಪಾಟಾಗಳನ್ನು ಮಿಸ್ತ್ರಿ ಗೋಣಿಚೀಲದಲ್ಲಿ ಕಟ್ಟಿ ಬಸ್ಸಿನಲ್ಲಿ ಒಯ್ದರು. ಹತ್ತು ದಿನಕ್ಕೆಂದು ಹೇಳಿ ಒಂದೂವರೆ ತಿಂಗಳಿಗೆ ತಂದರು. ಅಷ್ಟರಲ್ಲಿ ಗಾಡಿ ಮನೆಯ ಸಾಮಾನಾಗಿತ್ತು. ಸುಭದ್ರೆ ಬಾನೆಟ್ಟಿನ ಮೇಲೆ ಹಪ್ಪಳ ಒಣಗಿಸುತ್ತಿದ್ದಳು. ಪಕ್ಕದ ಮನೆಯ ಕಾಳುಕಡಿ ವ್ಯಾಪಾರಿ ಕಲ್ಲಪ್ಪನವರು ಹಿಂದಿನ ಸೀಟಿನಲ್ಲಿ ಕೂತು ಪೇಪರು ಓದುತ್ತಿದ್ದರು. ಜೋಡಿಸುವ ದಿನ ನಾನೂ ಮಿಸ್ತ್ರಿಯ ಜೊತೆ ಗಾಡಿಯ ಕೆಳಗೆ ಮಲಗಿದೆ. ನನ್ನ ಪಾಲಿಗೆ ಬಂದದ್ದು ನಟ್ಟು ಬಿಗಿಯುವ ಪಾನಾಗಳನ್ನು ಹಿಡಿದುಕೊಳ್ಳುವುದು, ಕೇಳಿದಾಗ ಕೊಡುವುದು. ಕೇಳಿದ ನಂಬರಿನದನ್ನು ಒಮ್ಮೆಯೂ ಕೊಡಲಿಲ್ಲ. ಆದರೂ ಮರುದಿನ ಬಾರ್ ರೂಮಿನಲ್ಲಿ 'ನಾವು ಕ್ಲಾಂಪು ಬಿಗಿದೆವು' ಎಂದೇ ವರದಿ ಮಾಡಿದೆ.

ಕಲ್ಲಿನಿಂದ ಇಳಿಸಿದಾಗ ಗಾಡಿಯ ಹಿಂಭಾಗ ಎಷ್ಟು ಮೇಲೆದ್ದಿತ್ತೆಂದರೆ, ನಾನು ಮುಂದೆ ಕೂತರೆ ಬಾವಿಗೆ ಇಣುಕಿದಂತಾಗುತ್ತಿತ್ತು. ಸುಭದ್ರೆ ಆರು ತಿಂಗಳ ಮೇಲೆ ಒಪ್ಪಿ, ಇಳಕಲ್ ಸೀರೆ ಉಟ್ಟು ಕೂತಳು. ಮೊದಲ ತಗ್ಗಿಗೆ ಇಬ್ಬರ ತಲೆಯೂ ಗಾಡಿಯ ಚಾವಣಿಗೆ ತಾಗಿತು. ಮುಂಚೆ ಗಾಡಿ ಕುಸಿಯುತ್ತಿತ್ತು, ಈಗ ಎಗರುತ್ತಿತ್ತು. ಒಂಬತ್ತು ಪಾಟಾಗಳಿಗೆ ನಾವಿಬ್ಬರೂ ಲೆಕ್ಕಕ್ಕೇ ಇರಲಿಲ್ಲ. ಸಸ್ತಾಪುರ ಬಂಗ್ಲಾ ಬಂದಾಗ ಅವಳು "ಇಲ್ಲೇ ನಿಲ್ಲಸ್ರಿ" ಎಂದು ಇಳಿದು, ಬಸ್ಸಿಗೆ ಕಾಯುವವರ ನಡುವೆ ಹೋಗಿ ಕೂತಳು. ನಾನು ಖಾಲಿ ಗಾಡಿ ತಿರುಗಿಸಿಕೊಂಡು ಮನೆಗೆ ಬಂದೆ. ಆ ದಿನ ಊಟ ಸೇರಲಿಲ್ಲ.

ಗುಟ್ಟು ಬಯಲಾದದ್ದು ಕಲ್ಲಪ್ಪನವರ ಮನೆಯವರಿಂದ. ಹುಮನಾಬಾದಿನಲ್ಲಿ ಅವರ ಹೆಂಡತಿ ಗುರಮ್ಮನ ತಂಗಿಯ ಮಗಳ ಮದುವೆ. ಬಸ್ಸು ತಪ್ಪಿತು. ಗುರಮ್ಮ, ಅವರ ಅತ್ತೆ, ಮಕ್ಕಳು, ನಾದಿನಿಯರು, ಒಂದು ಟ್ರಂಕು, ಎರಡು ಬುಟ್ಟಿ ಬುಂದಿ ಎಲ್ಲ ನಮ್ಮ ಗಾಡಿ ಹತ್ತಿದವು. ಮದುವೆಗೆ ಕರೆದಿದ್ದರಿಂದ ಸುಭದ್ರೆಯೂ ನಡುವೆ ಸಿಕ್ಕಿಕೊಂಡಳು. ಹೊರಟಮೇಲೆ ನನಗೇ ನಂಬಿಕೆಯಾಗಲಿಲ್ಲ. ಗಾಡಿ ಅದೇ ರಸ್ತೆಯಲ್ಲಿ, ಅವೇ ತಗ್ಗುಗಳಲ್ಲಿ ತೊಟ್ಟಿಲಿನಂತೆ ತೂಗುತ್ತ ಹೋಯಿತು. ಗುರಮ್ಮನ ಅತ್ತೆ ನಿದ್ದೆ ಹೋದರು. ಮಿಸ್ತ್ರಿ ಮೋಸ ಮಾಡಿರಲಿಲ್ಲ. ನಾನು ಹೇಳಿದ ಹತ್ತು ಹನ್ನೆರಡು ಮಂದಿಗೆ ತಕ್ಕಂತೆಯೇ ಮಾಡಿಕೊಟ್ಟಿದ್ದರು.

ಮುಂದಿನ ವಾರ ಹಿಂದಿನ ಸೀಟಿನಲ್ಲಿ ನಾಲ್ಕು ಚೀಲ ಜೋಳ ಹಾಕಿಸಿ, ಸುಭದ್ರೆಯನ್ನು ಕೊಡಂಬಲಕ್ಕೆ ಕರೆದೆ. ಅವಳು ಇಣುಕಿ ನೋಡಿದಳು.

"ಜೋಳ ಎಲ್ಲಿಗೆ ಹೊಂಟದ್ರಿ?"

"ಎಲ್ಲಿಗೂ ಇಲ್ಲ. ಸುಮ್ಮನ ಬರ್ತದ."

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಇನ್ನು ಮಾನ ಉಳಿಸಿಕೊಂಡು ಫಲವಿಲ್ಲವೆಂದು ನೇರ ಹುಮನಾಬಾದಿಗೆ ಹೋದೆ. ಡ್ರೈವರುಗಳು ಅಂದೂ ಇದ್ದರು. ಅವರಿಲ್ಲದ ಹೊತ್ತು ಆ ಕುಲುಮೆಗೆ ಇಲ್ಲವೆಂದು ಕಾಣುತ್ತದೆ. ಕಣ್ಣು ಮುಚ್ಚಿ ಹೇಳಿದೆ: "ಮಿಸ್ತ್ರಿ, ಲೋಡ್ ಏನೂ ಇಲ್ಲ. ನಮ್ಮ ಮನ್ಯಾಕಿ ಒಬ್ಬಾಕೀನ. ಆಕಿಗೆ ಕುಲುಕಬಾರದು ಅಂತ ಮಾಡಿಸಿದ್ದೆ."

ಯಾರೂ ನಗಲಿಲ್ಲ. ಒಬ್ಬ ಡ್ರೈವರು ಮಾತ್ರ, "ನಮ್ಮಾಕಿನೂ ಲಾರಿ ಹತ್ತಂಗಿಲ್ರಿ" ಎಂದು ನಿಟ್ಟುಸಿರು ಬಿಟ್ಟ.

ಮಿಸ್ತ್ರಿ ಅದೇ ವಾರ ಮನೆಗೆ ಬಂದು, ಮೂರು ಪಾಟಾ ತೆಗೆದು, ತೆಳ್ಳಗಿನದೊಂದು ಸೇರಿಸಿದರು. ಸುಭದ್ರೆ ಚಹಾ ತಂದಾಗ, "ಬಾಯಾರ, ಎಲ್ಲಾ ನಿಮ್ಮ ಸಲುವಾಗಿ ಅಂತ. ಮೊದಲ ಹೇಳಿದ್ರ ಇಷ್ಟು ಕಬ್ಬಿಣ ಯಾಕ ಬೇಕಿತ್ರಿ?" ಎಂದು ನನ್ನ ಮುಂದೆಯೇ ಹೇಳಿಬಿಟ್ಟರು. ಆ ದಿನ ಚಹಾದ ಜೊತೆಗಿನ ಭಜಿಯ ತಟ್ಟೆ ಎರಡನೆಯ ಸಲ ತುಂಬಿ ಬಂತು.

ಮರುದಿನ ನಾವಿಬ್ಬರೇ ಕೊಡಂಬಲಕ್ಕೆ ಹೊರಟೆವು. ಗಾಡಿ ಕುಸಿಯಲಿಲ್ಲ, ಎಗರಲಿಲ್ಲ. ಸುಭದ್ರೆಯ ಎರಡೂ ಕೈ ಮಡಿಲಲ್ಲಿದ್ದವು. ನನಗೆ ಆದ ಸಂತೋಷ ಯಾವ ಕೇಸು ಗೆದ್ದಾಗಲೂ ಆದದ್ದಲ್ಲ. ರಾಜೇಶ್ವರ ಬಂತು. ಆಗ ಅವಳು ಹೊರಗೆ ನೋಡುತ್ತಲೇ, "ಗುರಮ್ಮನ್ನ ಕರ್ಕೊಂಡು ಬರಬೇಕಿತ್ತು" ಎಂದಳು.

ನಾನು ಗಾಡಿಯ ವೇಗ ಇಳಿಸಿದೆ. "ಯಾಕ, ಕುಲುಕಾಕತ್ತದೇನು?"

"ಗಾಡಿ ಛಲೋ ಅದ. ನೀವು ಮಾತಾಡಂಗಿಲ್ಲ. ಮೊದಲಿನ ಸಲಾನೂ ಹಿಂಗ, ಕೊಡಂಬಲ ಮುಟ್ಟೂ ತನಾ ಒಂದು ಮಾತಿಲ್ಲ. ಬಸ್ಸಿನ್ಯಾಗಾದ್ರ ಯಾರರ ಮಾತಾಡಸ್ತಾರ."

ಆರು ತಿಂಗಳು ನಾನು ಕಬ್ಬಿಣವನ್ನು ಬೈದಿದ್ದೆ. ಗಂಟಲು ಸರಿಮಾಡಿಕೊಂಡೆ. ನ್ಯಾಯಾಧೀಶರ ಮುಂದೆ ಎರಡು ತಾಸು ನಿಲ್ಲದೆ ವಾದಿಸಿದವನಿಗೆ, ಹೆಂಡತಿಯ ಮುಂದೆ ಆರಂಭದ ವಾಕ್ಯವೇ ಸಿಗಲೊಲ್ಲದು. ಕೊನೆಗೆ ಬಾಯಿಂದ ಬಂದದ್ದು ಇಷ್ಟು: "ಹಿಂದಿನ ಪಾಟಾದ ಕ್ಲಾಂಪು ಇನ್ನೊಮ್ಮೆ ಬಿಗೀಬೇಕಂತ. ಮಿಸ್ತ್ರಿ ಹೇಳ್ಯಾನ."

ಸುಭದ್ರೆ ಕಿಟಕಿಯಿಂದ ತಿರುಗಿ ಸರಿಯಾಗಿ ಕೂತಳು.

"ಹೌದಾ? ಮತ್ತ?"

ಹುಮನಾಬಾದ್ ಇನ್ನೂ ದೂರವಿತ್ತು. ನಾನು ಮುಂದಿನ ಪಾಟಾಗಳ ವಿಷಯಕ್ಕೆ ಬಂದೆ.