ಎರಡನೇ ಕುರ್ಚಿ ಮತ್ತು ಒಂದು ಉಂಡೆ ಹತ್ತಿ

ಎಲ್ಲಾ ರಾದ್ಧಾಂತಕ್ಕೂ ಮೂಲ ಆ ಎರಡನೇ ಕುರ್ಚಿ. ಅಂಗಡಿಯಲ್ಲಿ ಒಂದೇ ಕುರ್ಚಿ ಇದ್ದಷ್ಟು ಕಾಲ ನಮ್ಮ ಕ್ಷೌರಿಕ ಹಾಯಾಗಿದ್ದ. ಒಂದು ಕುರ್ಚಿಯಲ್ಲಿ ಕೂರುವವನು ಒಬ್ಬನೇ, ಒಬ್ಬನಿಗೆ ಇರುವ ಅಭಿಪ್ರಾಯವೂ ಒಂದೇ, ಅದಕ್ಕೆ "ಹೌದಣ್ಣ" ಅಂದುಬಿಟ್ಟರೆ ಮುಗಿಯಿತು. ಈ ವಿದ್ಯೆಯನ್ನು ಅವನಿಗೆ ಹೇಳಿಕೊಟ್ಟವನು ಅವನಪ್ಪ. "ಗಿರಾಕಿಯ ಕತ್ತು ನಮ್ಮ ಕೈಯಲ್ಲಿರುತ್ತೆ ಮಗಾ, ಮಾತಲ್ಲಾದರೂ ಅವನನ್ನ ಗೆಲ್ಲೋಕೆ ಬಿಡು" ಅಂತಿದ್ದ ಆ ಪುಣ್ಯಾತ್ಮ. ಮಗ ಆ ಮಾತನ್ನು ಎಷ್ಟು ಶ್ರದ್ಧೆಯಿಂದ ಪಾಲಿಸಿದನೆಂದರೆ ಬೀದಿಯವರೆಲ್ಲ ಅವನ ನಿಜವಾದ ಹೆಸರು ಮರೆತು ಹೌದಣ್ಣ ಅಂತಲೇ ಕರೆಯುತ್ತಿದ್ದರು.

ಆ ಊರಿನಲ್ಲಿ ಅಭಿಪ್ರಾಯಕ್ಕೆ ಬರವಿರಲಿಲ್ಲ. ಅದರಲ್ಲೂ ರಾಕ್ ಬ್ಯಾಂಡಿನ ವಿಷಯ ಬಂತೆಂದರೆ ಅಣ್ಣ ತಮ್ಮಂದಿರೂ ತಟ್ಟೆ ಬೇರೆ ಮಾಡಿಕೊಳ್ಳುತ್ತಿದ್ದರು. ಊರಿಗೆ ಎರಡು ಬ್ಯಾಂಡು. ಒಂದು 'ಸಿಡಿಲು', ಇನ್ನೊಂದು 'ಹರಿದ ಜೇಬು'. ಸಿಡಿಲಿನ ಗಾಯಕ ತಲೆಯ ಎಡಭಾಗ ಬೋಳಿಸಿದ್ದ. ಹರಿದ ಜೇಬಿನವನು ಸುಮ್ಮನಿರುತ್ತಾನೆಯೇ, ಬಲಭಾಗ ಬೋಳಿಸಿದ. ಅಭಿಮಾನಿಗಳೂ ಹಾಗೆಯೇ ಬೋಳಿಸಿಕೊಂಡು ಓಡಾಡುತ್ತಿದ್ದರು. ಹಿಂದಿನಿಂದ ನೋಡಿದರೆ ಸಾಕು, ಯಾರು ಯಾವ ಪಕ್ಷ ಅಂತ ತಿಳಿಯುತ್ತಿತ್ತು.

ಹೌದಣ್ಣನಿಗೆ ಈ ಎರಡರಲ್ಲಿ ಯಾವುದೂ ಸೇರುತ್ತಿರಲಿಲ್ಲ. ಇಡೀ ದಿನ ಅಂಗಡಿಯಲ್ಲಿ ಅದೇ ಹಾಡು, ಅದೇ ಜಗಳ. ತಡೆಯಲಾರದೆ ಅವನು ಎದುರಿನ ಔಷಧಿ ಅಂಗಡಿಯಿಂದ ಹತ್ತಿ ತಂದು ಎರಡೂ ಕಿವಿಗೆ ಸಣ್ಣ ಉಂಡೆ ಮಾಡಿ ಇಟ್ಟುಕೊಳ್ಳತೊಡಗಿದ. ಅರ್ಧಂಬರ್ಧ ಕೇಳಿಸುತ್ತಿತ್ತು. ಹೌದು ಅನ್ನುವುದಕ್ಕೆ ಅಷ್ಟು ಸಾಕಾಗಿತ್ತು.

ಆ ಹತ್ತಿಯೇ ಅವನ ಬಾಳಿಗೆ ಬೆಳಕು ತಂದಿದ್ದು. ಔಷಧಿ ಅಂಗಡಿಯಲ್ಲಿ ಕೂರುತ್ತಿದ್ದ ಹುಡುಗಿ ಒಂದು ದಿನ, "ಏನ್ರೀ, ಕಿವಿ ಸೋರುತ್ತಾ?" ಅಂತ ಕೇಳಿದಳು. ಅವನು ನಿಜ ಹೇಳಿದ. ಬಿದ್ದು ಬಿದ್ದು ನಕ್ಕಳು. ಅಲ್ಲಿಂದ ಮುಂದೆ ಅವನಿಗೆ ಹತ್ತಿ ಬೇಗ ಬೇಗ ಖಾಲಿಯಾಗತೊಡಗಿತು. ಅವಳೂ ಬಿಡುವಾದಾಗ ಬಂದು ಅಂಗಡಿಯ ಬಾಗಿಲಲ್ಲಿ ನಿಲ್ಲುತ್ತಿದ್ದಳು. "ಈ ಗಾಜಿನ ಬಾಗಿಲು ಹಾಕಿದ್ರೆ ಒಳಗಿನ ಸದ್ದು ಹೊರಗೆ ಹೋಗುತ್ತಾ?" "ಇಲ್ಲಪ್ಪ." "ಸಂಜೆ ಮೇಲೆ ಇಲ್ಲಿ ಯಾರೂ ಇರಲ್ವಾ?" "ಯಾರೂ ಇರಲ್ಲ." ಹೌದಣ್ಣನ ಮುಖ ಕೆಂಪೇರಿತು. "ಒಂದು ಎರಡನೇ ಕುರ್ಚಿ ಹಾಕ್ಸಿ. ಮೇಲೆ ಕೆಳಗೆ ಆಗುತ್ತಲ್ಲ, ಗಿರ್ರಂತ ತಿರುಗುತ್ತಲ್ಲ, ಅಂಥದ್ದು." ಎಷ್ಟು ಕಾಳಜಿ ಇವಳಿಗೆ ನನ್ನ ವ್ಯಾಪಾರದ ಮೇಲೆ ಅಂದುಕೊಂಡು ಅವನು ಉಬ್ಬಿಹೋದ. ಹಾಕಿಸಿಯೂ ಬಿಟ್ಟ.

ರಾದ್ಧಾಂತ ನಡೆದ ದಿನ ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲೇ ಅವಳು ಓಡಿ ಬಂದಳು.

"ಇವತ್ತು ಅಪ್ಪ ನಿಮ್ಮನ್ನ ನೋಡೋಕೆ ಬರ್ತಾರೆ. ಸುಮ್ನೆ ಗಿರಾಕಿ ಥರ ಬರ್ತಾರೆ. ಊರಲ್ಲಿ ಯಾವ ಬ್ಯಾಂಡ್ ಶ್ರೇಷ್ಠ ಅಂತ ಕೇಳ್ತಾರೆ. ಮನಸ್ಸಲ್ಲಿರೋದು ಹೇಳಿದ್ರೆ ನಾನು ನಿಮ್ಮವಳು. ಹಲ್ಕಿರಿದು ಹೌದು ಹೌದು ಅಂದ್ರೋ, ಮುಗೀತು. ಅಪ್ಪ ಬಸ್ ಕಂಡಕ್ಟರ್ ಆಗಿದ್ದೋರು. ಸುಳ್ಳು ಹೇಳೋರನ್ನ ಮುಖ ನೋಡಿ ಕಂಡುಹಿಡೀತಾರೆ."

"ಅವರಿಗೆ ಯಾವ ಬ್ಯಾಂಡ್ ಇಷ್ಟ? ಅಷ್ಟು ಹೇಳಿಬಿಡು ಮಾರಾಯ್ತಿ!"

"ಹೇಳಲ್ಲ" ಅಂದವಳೇ ಜಡೆ ಬೀಸಿಕೊಂಡು ಹೊರಟುಹೋದಳು.

ಹೌದಣ್ಣ ಪೇಚಿಗೆ ಸಿಕ್ಕಿದ. ಹುಟ್ಟಿದಾರಭ್ಯ ಗಿರಾಕಿಯ ಮುಂದೆ ಸ್ವಂತ ಅಭಿಪ್ರಾಯ ಬಾಯಿಬಿಟ್ಟವನಲ್ಲ. ಈಗ ಇದ್ದಕ್ಕಿದ್ದಂತೆ ಆ ಧೈರ್ಯ ಎಲ್ಲಿಂದ ತರುವುದು? ಅದಕ್ಕಿಂತ ಮಾವನಿಗೆ ಯಾವುದು ಇಷ್ಟ ಅಂತ ತಿಳಿದುಕೊಳ್ಳುವುದೇ ಸುಲಭ ಅನ್ನಿಸಿತು.

ಮೊದಲು ಬಂದವರು ಜಿಮ್ ಮೇಷ್ಟ್ರು. ಕುರ್ಚಿ ಕಿರ್ರೆನ್ನುವಂಥ ಆಳು, ಕಟ್ಟಾ ಸಿಡಿಲು. ಸಂಜೆ ಮೈದಾನದಲ್ಲಿ ಎರಡೂ ಬ್ಯಾಂಡುಗಳ ಹಾಡಿನ ಪಂದ್ಯವಿತ್ತು, ಅದಕ್ಕೆ ತಲೆಯ ಎಡಭಾಗ ನುಣ್ಣಗೆ ಬೋಳಿಸಿಕೊಳ್ಳಬೇಕಿತ್ತು. ಗುರುತಿಗೆಂದು ಗಾಯಕನ ಪಟವನ್ನೂ ಫೋನಿನಲ್ಲಿ ತಂದು ಕನ್ನಡಿಗೆ ಒರಗಿಸಿದರು. ಅವರ ಹಿಂದೆಯೇ ಪಕ್ಕದಂಗಡಿಯ ವಾಚ್ ರಿಪೇರಿಯವರು ಬಂದು ಬೆಂಚಿನ ಮೇಲೆ ಕೂತರು. ಕಡ್ಡಿಯಂಥ ಮನುಷ್ಯ, ಆದರೆ ನಾಲಿಗೆ ಮಾತ್ರ ಗರಗಸ. ಇವರು ಹರಿದ ಜೇಬು. ಆ ಹೊತ್ತಿಗೆ ಯಾರೋ ಒಬ್ಬ ಮುದುಕರು ಬಂದು ಎರಡನೇ ಕುರ್ಚಿಯಲ್ಲಿ ಕೂತು, "ಶೇವಿಂಗ್" ಅಂತ ಒಂದೇ ಮಾತು ಹೇಳಿ ಕಣ್ಣು ಮುಚ್ಚಿದರು. ಕುರುಚಲು ಗಡ್ಡ, ಹಳೇ ಸ್ವೆಟರು. ಹೌದಣ್ಣ ಅವರ ಮುಖದ ತುಂಬ ಸೋಪಿನ ನೊರೆ ಬಳಿದು, "ಒಂದ್ನಿಮಿಷ ನೆನೀಲಿ ತಾತ" ಅಂದು ಮೇಷ್ಟ್ರ ತಲೆಗೆ ಬಂದ.

ಮನಸ್ಸಿನ ಸಂಕಟ ತಡೆಯಲಾಗಲಿಲ್ಲ. ಎಲ್ಲವನ್ನೂ ಬಾಯಿಬಿಟ್ಟ.

"ಆ ಕಂಡಕ್ಟರಾ? ನನಗೆ ಚೆನ್ನಾಗಿ ಗೊತ್ತು!" ಅಂದರು ಜಿಮ್ ಮೇಷ್ಟ್ರು. "ಸಿಡಿಲಿನ ಒಂದು ಶೋನೂ ತಪ್ಪಿಸಿದವರಲ್ಲ. ಮೊದಲನೇ ಸಾಲಲ್ಲಿ ನನ್ನ ಪಕ್ಕದಲ್ಲೇ ನಿಂತು ತಲೆ ಕುಣಿಸ್ತಾರೆ."

"ಯಾರ್ರೀ ಹೇಳಿದ್ದು?" ವಾಚಿನವರು ಬೆಂಚಿನಿಂದ ಎದ್ದೇಬಿಟ್ಟರು. "ಅವರು ನನ್ನ ಜೀವದ ಗೆಳೆಯರು! ಹರಿದ ಜೇಬಿನ ಹಾಡು ಕೇಳಿ ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತಿದಾರೆ. ಅಂಗಿ ಒದ್ದೆಯಾಗಿತ್ತು!"

"ಆ ಹಾಡು ಕೇಳಿದ್ರೆ ಯಾರಿಗಾದ್ರೂ ಅಳು ಬರುತ್ತೆ ಬಿಡ್ರಿ. ಕತ್ತು ಹಿಸುಕಿದ ಹಾಗೆ ಹಾಡ್ತಾನೆ. ಹೌದೋ ಅಲ್ವೋ?"

"ಹೌದಣ್ಣ" ಅಂದ ಕ್ಷೌರಿಕ, ಮೆಶೀನು ಕೈಗೆತ್ತಿಕೊಳ್ಳುತ್ತ.

"ನಿಮ್ಮೋನು ಮಾತ್ರ ಏನು? ತಗಡಿನ ಶೀಟ್ ಗಾಳಿಗೆ ಹಾರಿಹೋದಂಗೆ ಕಿರುಚ್ತಾನೆ. ಏನಪ್ಪಾ, ಹೌದೋ ಅಲ್ವೋ?"

"ಹೌದಣ್ಣ."

ಇಬ್ಬರೂ ಒಟ್ಟಿಗೆ ಅವನ ಕಡೆ ತಿರುಗಿದರು.

"ಲೇ, ನನಗೂ ಹೌದು, ಅವನಿಗೂ ಹೌದಾ?" ಅಂತ ಗದರಿದರು ಮೇಷ್ಟ್ರು.

"ಹೌ..." ಅಂತ ಬಾಯಿ ತೆರೆದವನು ಗಪ್ಪನೆ ಮುಚ್ಚಿಕೊಂಡ. ಒಂದು ಕುರ್ಚಿಯ ಕಾಲದಲ್ಲಿ ಇಂಥ ಅವಸ್ಥೆ ಬಂದಿರಲಿಲ್ಲ. ಹಣೆಯ ಬೆವರು ಒರೆಸಿಕೊಂಡು ಎರಡನೇ ಕುರ್ಚಿಗೆ ಓಡಿದ. ತಾತನ ಮುಖದ ನೊರೆ ಒಣಗಿ ಸುಣ್ಣ ಬಳಿದ ಗೋಡೆಯಂತಾಗಿತ್ತು. ಮತ್ತೆ ನೊರೆ ಬಳಿಯುತ್ತ ಅವರ ಕಿವಿಯ ಹತ್ತಿರ ಬಗ್ಗಿ, "ನೋಡಿ ತಾತ ನನ್ನ ಪಾಡು. ನನಗೇನು, ಮಾವ ಯಾವುದು ಅಂತಾರೋ ಅದೇ ನನ್ನ ಬ್ಯಾಂಡು. ಹುಡುಗಿ ಸಿಕ್ಕಿದ್ರೆ ಸಾಕು" ಅಂದ.

"ಹೂಂ" ಅಂದರು ತಾತ, ನೊರೆಯ ಒಳಗಿಂದ.

ಅಷ್ಟರಲ್ಲಿ ಜಗಳ ಜೋರಾಗಿ ಬಾಗಿಲಲ್ಲಿ ಹತ್ತು ಮಂದಿ ಸೇರಿದರು. ಎಡಬೋಳಿನವರು ಒಂದು ಕಡೆ, ಬಲಬೋಳಿನವರು ಇನ್ನೊಂದು ಕಡೆ. ಸಿಡಿಲಿಗೆ ಡ್ರಮ್ಮು, ಹರಿದ ಜೇಬಿಗೆ ಗಿಟಾರು, ಅವನ ಕಂಠ, ಇವನ ಕುಣಿತ, ಯಾರು ಯಾರ ರಾಗ ಕದ್ದರು, ಯಾರ ಸ್ಪೀಕರ್ ಸುಟ್ಟುಹೋಯಿತು. ಈ ಗದ್ದಲದಲ್ಲಿ ಹೌದಣ್ಣ, ಬೇಗ ಈ ತಲೆ ಮುಗಿಸಿ ಕಳಿಸೋಣ ಅಂತ ಫೋನಿನ ಪಟ ನೋಡಿದ. ಪಟದಲ್ಲಿ ಬೋಳು ಇದ್ದದ್ದು ಅವನ ಬಲಗೈ ಕಡೆಗೆ. ಎದುರು ನಿಂತವನ ಎಡ ನಮಗೆ ಬಲಕ್ಕೆ ಕಾಣುತ್ತದೆ ಅನ್ನುವುದು ಬೇರೆ ದಿನವಾಗಿದ್ದರೆ ಅವನಿಗೆ ನಿದ್ದೆಯಲ್ಲೂ ಹೊಳೆಯುತ್ತಿತ್ತು. ಇವತ್ತು ಹೊಳೆಯಲಿಲ್ಲ. ಮೇಷ್ಟ್ರ ತಲೆಯ ಬಲಭಾಗಕ್ಕೆ ಮೆಶೀನು ಇಟ್ಟು ಕಿವಿಯಿಂದ ನೆತ್ತಿಯವರೆಗೆ ಸರ್ರನೆ ಎಳೆದ, ಇನ್ನೊಮ್ಮೆ ಎಳೆದ, ಬ್ರಷ್ಷಿನಿಂದ ಕೂದಲು ಒದರಿದ.

ಮೊದಲು ನಕ್ಕವರು ವಾಚಿನವರು. ಹೊಟ್ಟೆ ಹಿಡಿದುಕೊಂಡು ಬೆಂಚಿನ ಮೇಲೆ ಉರುಳಿ ನಕ್ಕರು.

"ಬನ್ನಿ ಮೇಷ್ಟ್ರೇ, ಬನ್ನಿ! ಹರಿದ ಜೇಬಿಗೆ ಸ್ವಾಗತ!"

ಮೇಷ್ಟ್ರು ಕನ್ನಡಿ ನೋಡಿಕೊಂಡರು. ತಮ್ಮ ತಲೆಯ ಮೇಲೆ ವೈರಿಯ ಬಾವುಟ ಹಾರುವುದನ್ನು ಕಂಡವರ ಸ್ಥಿತಿ ಅವರದಾಯಿತು. "ಅಯ್ಯೋ ಪಾಪಿ! ಸಂಜೆ ನಾನು ಮೈದಾನಕ್ಕೆ ಹೇಗೋ ಹೋಗಲಿ? ನಮ್ಮ ಹುಡುಗರು ಒಳಗೆ ಬಿಡ್ತಾರೇನೋ? ಎಡಗಡೆಯೂ ತೆಗೆ!"

"ಎಡಗಡೆಯೂ ತೆಗೆದ್ರೆ ಮಧ್ಯೆ ಒಂದು ಕಾಲುದಾರಿ ಉಳಿಯುತ್ತೆ ಅಣ್ಣ."

"ಅದನ್ನೂ ತೆಗಿಯೋ!"

ತೆಗೆದ. ಮೇಷ್ಟ್ರ ತಲೆ ಬಿಸಿಲಿಗೆ ಫಳಫಳ ಹೊಳೆಯಿತು. ಅದು ಯಾವ ಪಕ್ಷದ ತಲೆಯೂ ಅಲ್ಲದಂತಾಯಿತು. ಬಾಗಿಲಲ್ಲಿದ್ದವರು ಶಿಳ್ಳೆ ಹೊಡೆದರು. ಮೇಷ್ಟ್ರು ಎದ್ದು ಹೌದಣ್ಣನ ಎಡರಟ್ಟೆ ಹಿಡಿದರು. ಎಲ್ಲಿ ತಮ್ಮವನಾಗದೆ ಹೋಗುತ್ತಾನೋ ಅಂತ ವಾಚಿನವರು ಬಲರಟ್ಟೆ ಹಿಡಿದರು.

"ನೀನು ಬೇಕಂತಲೇ ಮಾಡಿದೀಯ. ಇವತ್ತು ಇತ್ಯರ್ಥ ಆಗ್ಲೇಬೇಕು. ಬೊಗಳು, ಯಾವ ಬ್ಯಾಂಡ್ ಶ್ರೇಷ್ಠ?"

"ಹೇಳು, ಹೆದರಬೇಡ. ಹರಿದ ಜೇಬು ಅನ್ನು!"

"ಸಿಡಿಲು ಅನ್ನು!"

ಒಬ್ಬರು ಈ ಕಡೆ, ಒಬ್ಬರು ಆ ಕಡೆ, ಒದ್ದೆ ಬಟ್ಟೆ ಹಿಂಡಿದಂತೆ ಅವನನ್ನು ಎಳೆದಾಡಿದರು. ಮಾವ ಯಾವ ಗಳಿಗೆಯಲ್ಲಾದರೂ ಬಂದುಬಿಡಬಹುದು. ಅಂಗಡಿ ನೋಡಿದರೆ ಸಂತೆ. ಹುಡುಗಿ ಕೈತಪ್ಪಿದಳು ಅಂತಲೇ ಅವನಿಗೆ ಖಾತ್ರಿಯಾಯಿತು. ದುಃಖ ಉಮ್ಮಳಿಸಿ ಬಂತು, ದುಃಖದ ಬೆನ್ನಿಗೇ ಸಿಟ್ಟು ಬಂತು. ಅಷ್ಟು ವರ್ಷದ ಹೌದುಗಳೆಲ್ಲ ಗಂಟಲಿಗೆ ಬಂದು ಸಿಕ್ಕಿಕೊಂಡವು.

"ಅಲ್ಲ!" ಅಂತ ಕಿರುಚಿದ ಹೌದಣ್ಣ.

ಎಳೆದಾಡುತ್ತಿದ್ದ ಇಬ್ಬರೂ ಕೈಬಿಟ್ಟರು. ಆ ಬಾಯಿಂದ ಆ ಮಾತನ್ನು ಯಾರೂ ಕೇಳಿರಲಿಲ್ಲ.

"ಎರಡೂ ದರಿದ್ರ! ಎರಡೂ ಗಲಾಟೆ! ಅವುಗಳಲ್ಲಿ ಕೇಳೋ ಹಾಗಿರೋದು ಒಂದೇ, ಕರೆಂಟ್ ಹೋದಾಗ ಬರೋ ಮೌನ! ನೋಡಿ, ಇದನ್ನ ಇಟ್ಕೊಂಡು ಬದುಕಿದೀನಿ ನಾನು!" ಅಂತ ಎರಡೂ ಕಿವಿಯಿಂದ ಹತ್ತಿ ಕಿತ್ತು ಇಬ್ಬರ ಮುಖಕ್ಕೂ ಎಸೆದ. ಡಬ್ಬಿಯಲ್ಲಿದ್ದ ಹತ್ತಿಯನ್ನೆಲ್ಲ ಬಾಚಿ ಬಾಗಿಲಲ್ಲಿದ್ದವರ ಕಡೆಗೂ ತೂರಿದ.

ಮೇಷ್ಟ್ರು ವಾಚಿನವರ ಮುಖ ನೋಡಿದರು. ವಾಚಿನವರು ಮೇಷ್ಟ್ರ ಮುಖ ನೋಡಿದರು. ಹತ್ತು ವರ್ಷದಲ್ಲಿ ಮೊದಲ ಸಲ ಇಬ್ಬರಿಗೂ ಒಂದೇ ಅಭಿಪ್ರಾಯ ಬಂದಿತ್ತು.

"ಇವನ ಅಂಗಡಿ ಮೆಟ್ಟಿಲು ಹತ್ತಿದ್ರೆ ಕೇಳ್ರಿ."

"ನಾನಂತೂ ಗಡ್ಡ ಬಿಡ್ತೀನಿ. ಬನ್ನಿ ಮೇಷ್ಟ್ರೇ, ಬಿಸಿಲಿದೆ, ನನ್ನ ಟೋಪಿ ಹಾಕ್ಕೊಳ್ಳಿ."

ಹೆಗಲ ಮೇಲೆ ಕೈ ಹಾಕಿಕೊಂಡು ಇಬ್ಬರೂ ಹೋದರು. ಜನವೂ ಹಿಂದೆಯೇ ಹೋಯಿತು. ಇನ್ನು ಈ ಕಡೆ ಒಬ್ಬ ಗಿರಾಕಿಯೂ ಬರುವ ಹಾಗಿರಲಿಲ್ಲ. ಹೌದಣ್ಣ ತಲೆ ಮೇಲೆ ಕೈ ಹೊತ್ತು ಬೆಂಚಿನ ಮೇಲೆ ಕುಸಿದ.

ಆಗ ಎರಡನೇ ಕುರ್ಚಿ ಗಿರ್ರಂತ ತಿರುಗಿತು. ತಾತ ಟವೆಲ್ಲಿನಿಂದ ನೊರೆ ಒರೆಸಿಕೊಳ್ಳುತ್ತ ಅವನನ್ನೇ ನೋಡುತ್ತಿದ್ದರು.

"ಮುಂಚೆ ನೀನು ನನ್ನ ಕಿವೀಲಿ ಹೇಳಿದ್ದು ಕೇಳಿ ಎದ್ದು ಹೊರಟೇಬಿಡ್ತಿದ್ದೆ ಕಣಯ್ಯ. ಮುಖದ ತುಂಬ ಸೋಪು ಬಳಿದಿದ್ದೆಯಲ್ಲ, ಅದಕ್ಕೆ ಕೂತೆ. ಒಳ್ಳೇದಾಯ್ತು. ಈ ಊರಲ್ಲಿ ಕಿವಿ ಇರೋನು ನೀನೊಬ್ಬನೇ. ಮಗಳನ್ನ ನಿನಗೇ ಕೊಡ್ತೀನಿ."

ಹೌದಣ್ಣನಿಗೆ ಸ್ವರ್ಗ ಮೂರೇ ಗೇಣಾಯಿತು. "ಮಾವ!" ಅಂತ ಕಾಲಿಗೆ ಬಿದ್ದ. ನಿಜ ಹೇಳುವುದರಲ್ಲಿ ಇಷ್ಟು ಸುಖವಿದೆ ಅಂತ ಗೊತ್ತಿದ್ದರೆ ಎಂದೋ ಶುರುಮಾಡುತ್ತಿದ್ದೆನಲ್ಲ ಅಂತ ಕಣ್ಣಲ್ಲಿ ನೀರೇ ಬಂತು.

ಮಾವ ಬಾಗಿಲಿಗೆ ಹೋಗಿ ಕತ್ತಿನಲ್ಲಿದ್ದ ಕಂಡಕ್ಟರ್ ಸೀಟಿ ಊದಿದರು. ಮೂಲೆಯಲ್ಲಿ ಕಾಯುತ್ತಿದ್ದ ಮೂವರು ಮುದುಕರು ಸರಸರನೆ ಬಂದರು. ರಿಟೈರಾದ ಡ್ರೈವರ್ ಕೈಯಲ್ಲಿ ಬಸ್ಸಿನ ಹಾರನ್ನು, ರಿಟೈರಾದ ಮೆಕ್ಯಾನಿಕ್ ಕೈಯಲ್ಲಿ ತಾವೇ ವೆಲ್ಡಿಂಗ್ ಮಾಡಿದ ಗಿಟಾರು, ರಿಟೈರಾದ ಚೆಕಿಂಗ್ ಇನ್ಸ್‌ಪೆಕ್ಟರ ತಲೆಯ ಮೇಲೆ ಡ್ರಮ್ಮು.

"ನಮ್ಮ ಬ್ಯಾಂಡು" ಅಂದರು ಮಾವ ಎದೆಯುಬ್ಬಿಸಿ. "ಹೆಸರು 'ಕೊನೇ ಸ್ಟಾಪು'. ಮನೇಲಿ ಜಾಗ ಸಾಲದು, ಅಕ್ಕಪಕ್ಕದೋರಿಗೆ ಕಲೆ ಗೊತ್ತಿಲ್ಲ. ಇನ್ಮೇಲೆ ದಿನಾ ಸಂಜೆ ಇಲ್ಲೇ ಅಭ್ಯಾಸ. ನೀನು ಕೇಳಿ ಹೇಳ್ಬೇಕು."

ಇನ್ಸ್‌ಪೆಕ್ಟರು ಆಗಲೇ ಎರಡನೇ ಕುರ್ಚಿ ಹತ್ತಿ ಒಂದು ಸುತ್ತು ತಿರುಗಿ, "ಆಹಾ! ನಿಮ್ಮ ಮಗಳು ಹೇಳಿದ ಹಾಗೇ ಇದೆ, ಡ್ರಮ್ಮು ಬಾರಿಸೋಕೆ ನನ್ನ ಎತ್ತರಕ್ಕೆ ಸರಿಯಾಗಿದೆ!" ಅಂದರು. ಹುಡುಗಿಯೂ ಬಂದಿದ್ದಳು. ನಗುನಗುತ್ತ ಗಾಜಿನ ಬಾಗಿಲನ್ನು ಭದ್ರವಾಗಿ ಮುಚ್ಚಿದಳು. ಹೌದಣ್ಣನಿಗೆ ಆಗ ಅವಳು ಹಿಂದೆ ಕೇಳಿದ್ದ ಒಂದೊಂದೇ ಪ್ರಶ್ನೆ ನೆನಪಿಗೆ ಬಂತು.

ನುಡಿಸಿದರು. ಬಾಚಣಿಗೆಗಳು ಒಂದೊಂದಾಗಿ ಕೆಳಗೆ ಬಿದ್ದವು. ಕನ್ನಡಿ ಗಡಗಡ ಅದುರಿತು. ಹಾರನ್ನು, ಸೀಟಿ, "ರೈಟ್ ರೈಟ್, ಮುಂದೆ ಹೋಗಿ, ಒಳಗೆ ಹೋಗಿ" ಅನ್ನುವ ಪಲ್ಲವಿ. ಇದರ ಮುಂದೆ ಸಿಡಿಲು ಜೋಗುಳ, ಹರಿದ ಜೇಬು ಕೋಗಿಲೆ. ಹೌದಣ್ಣನ ಕೈ ತಾನಾಗಿ ಹತ್ತಿಯ ಡಬ್ಬಿಗೆ ಹೋಯಿತು. ಡಬ್ಬಿ ಖಾಲಿ.

ಹಾಡು ನಿಂತಿತು. ಮಾವ ಬೆವರು ಒರೆಸಿಕೊಂಡು ಅವನ ಮುಖಕ್ಕೆ ಮುಖ ತಂದರು. "ಈಗ ಹೇಳಯ್ಯ ಅಳಿಯ, ಮುಲಾಜಿಲ್ಲದೆ ಹೇಳು. ಊರಲ್ಲಿ ಯಾವ ಬ್ಯಾಂಡ್ ಶ್ರೇಷ್ಠ?"

ಹೌದಣ್ಣ ಮಾವನನ್ನು ನೋಡಿದ, ಮಾವನ ಹಿಂದೆ ನಿಂತಿದ್ದ ಹುಡುಗಿಯನ್ನು ನೋಡಿದ.

"ಹೌದು ಮಾವ" ಅಂದ.

"ನಾನಿನ್ನೂ ನಮ್ಮದು ಅಂತಲೇ ಅಂದಿಲ್ವಲ್ಲೋ! ಹೇಳೋಕೆ ಮುಂಚೆಯೇ ಒಪ್ಪಿಕೊಂಡುಬಿಟ್ಟ ನೋಡ್ರಪ್ಪ, ಅಷ್ಟು ಹಿಡಿಸಿದೆ ಅವನಿಗೆ! ಇನ್ನೊಂದು ಆಗ್ಲಿ!"

ಹಾರನ್ನು ಮತ್ತೆ ಮೊಳಗಿತು. ಹೌದಣ್ಣ ಮೆಲ್ಲನೆ ಹುಡುಗಿಯ ಪಕ್ಕಕ್ಕೆ ಸರಿದು, "ನಿನ್ನ ಹತ್ರ ಹತ್ತಿ ಇದ್ಯಾ? ನನಗೂ ಒಂದು ಚೂರು ಕೊಡೇ, ನಿನ್ನ ದಮ್ಮಯ್ಯ" ಅಂತ ಅಂಗಲಾಚಿದ. ಅವಳು ಅವನ ತುಟಿ ಅಲುಗುವುದನ್ನು ಪ್ರೀತಿಯಿಂದ ನೋಡಿದಳು. ಆಮೇಲೆ ಎರಡೂ ಕಿವಿಯ ಹತ್ತಿಯನ್ನು ಬೆರಳಿನಿಂದ ಇನ್ನಷ್ಟು ಒಳಕ್ಕೆ ಒತ್ತಿಕೊಂಡು, ಮುದ್ದಾಗಿ ಗೋಣು ಆಡಿಸಿ, "ಹೌದು ರೀ" ಅಂದಳು.